ಹ್ಯಾಮ್ ಕಾಲ್ ಸೈನ್‌ನಲ್ಲಿ ವಿಯು2, ವಿಯು3 ಅಂದರೇನು? ಅದು ನಮಗೆ ಸಿಗುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಹ್ಯಾಮ್ ರೇಡಿಯೋದವರೆಲ್ಲ, ಅಂದರೆ ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಪರಸ್ಪರ ಮಾತಾಡುವವರೆಲ್ಲ, ತಮ್ಮ ಕಾಲ್ ಸೈನ್ ಅನ್ನು, ಅಂದರೆ ಗಾಳಿಯಲ್ಲಿ ತಮ್ಮನ್ನು ಗುರುತಿಸುವ ಅಕ್ಷರ, ಅಂಕಿಯ ಹೆಸರನ್ನು, ವಿಯು2, ವಿಯು3 ಎಂದು ಶುರು ಮಾಡುತ್ತಾರಲ್ಲ, ಅದರ ಅರ್ಥವೇನು? ತುಮಕೂರಿನಲ್ಲಿರುವ ನಿಮಗೆ ಅಂಥದ್ದು ಸಿಗುವುದು ಹೇಗೆ? ನಿಮ್ಮ ಹೆಸರಿನ ಅಕ್ಷರಗಳನ್ನೇ ಹಾಕಿಸಿಕೊಳ್ಳಬಹುದೇ? ಅಮೆರಿಕದಲ್ಲಿರುವ ನಿಮ್ಮ ತಮ್ಮನೂ ಇಲ್ಲಿಂದಲೇ ಪಡೆಯಬಹುದೇ? ಇದರ ಜೊತೆಗೆ, ಆನ್‌ಲೈನ್‌ನಲ್ಲಿ ಒಂದು ಅಗ್ಗದ ಹ್ಯಾಂಡಿ ಸೆಟ್ (ಕೈಯಲ್ಲಿ ಹಿಡಿಯುವ ರೇಡಿಯೋ) ತರಿಸಿಕೊಂಡು, ಪರವಾನಗಿ ಬರುವ ತನಕ ಯಾವುದಾದರೂ ಹೆಸರಿಟ್ಟುಕೊಂಡು ಮಾತಾಡುತ್ತಿರಬಹುದೇ ಎಂದೂ ಕೇಳಿದ್ದೀರಿ.

ಇದಕ್ಕೇ ಮೊದಲು ಉತ್ತರ ಹೇಳಿಬಿಡುತ್ತೇನೆ. ದಯವಿಟ್ಟು ಬೇಡ. ಮಾತಾಡುವ ಬಟನ್ ಒತ್ತುವುದಿರಲಿ, ಪರವಾನಗಿ ಇಲ್ಲದೆ ಟ್ರಾನ್ಸ್‌ಮಿಟರ್ ಇಟ್ಟುಕೊಳ್ಳುವುದೇ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದ ನಮ್ಮಲ್ಲಿ ಅಪರಾಧ. ಕಾನೂನಿನ ಮಾತು ಹಾಗಿರಲಿ. ಗಾಳಿಯಲ್ಲಿ ನಮಗೆ ಮುಖವಿಲ್ಲ, ಗುರುತಿನ ಚೀಟಿ ತೋರಿಸುವ ಹಾಗಿಲ್ಲ. ಆ ಕಡೆ ಕೂತವರು ನಮ್ಮನ್ನು ನಂಬುವುದು ಆ ಐದಾರು ಅಕ್ಷರ, ಅಂಕಿಯ ಮೇಲೆ ಮಾತ್ರ. ಹ್ಯಾಮ್‌ಗಳು ಈ ವಿಷಯದಲ್ಲಿ ಇಷ್ಟು ಬಿಗಿಯಾಗಿರುವುದಕ್ಕೆ ಕಾರಣವೇ ಅದು.

ಈಗ ರಚನೆಯ ವಿಷಯ. ಬೆಂಗಳೂರಿನ ಹಳೆಯ ಕ್ಲಬ್ ಆದ ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ಬಿನ ಕಾಲ್ ಸೈನ್ ವಿಯು2ಎಆರ್‌ಸಿ. ಇದರಲ್ಲಿ ಮೂರು ತುಂಡು: ವಿಯು, 2, ಎಆರ್‌ಸಿ. ಮೊದಲ ತುಂಡು ದೇಶ, ನಡುವಿನ ಅಂಕಿ ಆಯಾ ದೇಶ ಇಟ್ಟುಕೊಂಡ ವಿಂಗಡಣೆ, ಕೊನೆಯ ಅಕ್ಷರಗಳು ನಿಮ್ಮವು. ನಿಮ್ಮೂರಿನ ಗಾಡಿಗಳ ಕೆಎ 06 ನಂಬರ್ ಪ್ಲೇಟ್ ಇದ್ದ ಹಾಗೆಯೇ ಅಂದುಕೊಳ್ಳಿ. ವ್ಯತ್ಯಾಸ ಇಷ್ಟೇ, ಇಲ್ಲಿ ಮೊದಲ ತುಂಡನ್ನು ಹಂಚುವುದು ರಾಜ್ಯವೂ ಅಲ್ಲ, ದೇಶವೂ ಅಲ್ಲ. ಜಿನೀವಾದಲ್ಲಿರುವ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ನಾವೆಲ್ಲ ಐಟಿಯು ಅನ್ನುವುದು, ಅಕ್ಷರಗಳನ್ನು ಜಗತ್ತಿಗೆಲ್ಲ ಹಂಚಿಟ್ಟಿದೆ.

ಭಾರತದ ಪಾಲಿಗೆ ಬಂದದ್ದು ಮೂರು ಸಾಲು: ಎಟಿಎಯಿಂದ ಎಡಬ್ಲ್ಯುಝಡ್, ವಿಟಿಎಯಿಂದ ವಿಡಬ್ಲ್ಯುಝಡ್, 8ಟಿಎಯಿಂದ 8ವೈಝಡ್. ಇದು ಹ್ಯಾಮ್‌ಗಳಿಗಷ್ಟೇ ಕೊಟ್ಟದ್ದಲ್ಲ. ಮುಂದಿನ ಸಲ ವಿಮಾನ ನಿಲ್ದಾಣಕ್ಕೆ ಹೋದಾಗ ನಮ್ಮ ದೇಶದ ಯಾವುದೇ ವಿಮಾನದ ಹಿಂಭಾಗದಲ್ಲಿ ಬರೆದಿರುವ ನೋಂದಣಿ ನೋಡಿ. ವಿಟಿ ಎಂದೇ ಶುರುವಾಗಿರುತ್ತದೆ. ಅದೂ ಇದೇ ಸಾಲಿನದು. ಆಕಾಶವಾಣಿಯ ಹಳೆಯ ಕೇಂದ್ರಗಳನ್ನು ಒಂದು ಕಾಲಕ್ಕೆ ಮುಂಬೈಗೆ ವಿಯುಬಿ, ಮದ್ರಾಸಿಗೆ ವಿಯುಎಂ ಎಂದೇ ಗುರುತಿಸುತ್ತಿದ್ದರು. ಹ್ಯಾಮ್‌ಗಳ ಪಾಲಿಗೆ ಬಂದದ್ದು ಮುಖ್ಯವಾಗಿ ವಿಯು. ವಿಶೇಷ ಸಂದರ್ಭಗಳಲ್ಲಿ ತಾತ್ಕಾಲಿಕವಾಗಿ ಎಟಿ, ಎಯು, 8ಟಿ ಎಂಬ ಕಾಲ್ ಸೈನ್‌ಗಳನ್ನೂ ಕೊಡುತ್ತಾರೆ. ಅಂಥವು ಕೇಳಿಸಿದ ದಿನ ಬ್ಯಾಂಡ್ ತುಂಬ, ಅಂದರೆ ಹ್ಯಾಮ್‌ಗಳ ತರಂಗಾಂತರದ ತುಂಬ, ಜನ ಇರುತ್ತಾರೆ.

ವಿಯುನಲ್ಲಿರುವ ‘ವಿ’ ಎಲ್ಲಿಂದ ಬಂತು ಎಂದು ಹೊಸಬರು ಯಾವಾಗಲೂ ಕೇಳುತ್ತಾರೆ. 1927ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಈ ಹಂಚಿಕೆಗೆ ಒಂದು ರೂಪ ಬಂದಾಗ ನಾವು ಬ್ರಿಟಿಷರ ಕೈಕೆಳಗಿದ್ದೆವು. ಅದೇ ಸಾಮ್ರಾಜ್ಯದ ಕೆನಡಾ ವಿಇ ಆಯಿತು, ಆಸ್ಟ್ರೇಲಿಯಾ ವಿಕೆ ಆಯಿತು, ನಾವು ವಿಯು ಆದೆವು. ಸಾಮ್ರಾಜ್ಯ ಹೋಯಿತು, ಅಕ್ಷರ ಉಳಿಯಿತು. ನೆರೆಹೊರೆಯವರನ್ನು ನೋಡಿ: ಪಾಕಿಸ್ತಾನ ಎಪಿ, ಶ್ರೀಲಂಕಾ 4ಎಸ್, ನೇಪಾಳ 9ಎನ್, ಬಾಂಗ್ಲಾದೇಶ ಎಸ್2, ಭೂತಾನ್ ಎ5. ಸ್ವಲ್ಪ ದಿನ ಕಿವಿಗೊಟ್ಟರೆ ಮೊದಲ ಎರಡು ಅಕ್ಷರ ಬಿದ್ದ ಕೂಡಲೇ ದೇಶ ಕಣ್ಮುಂದೆ ಬರುತ್ತದೆ. ಬಾಹ್ಯಾಕಾಶಕ್ಕೆ ಹೋದರೂ ಈ ಹಂಚಿಕೆ ಬಿಡುವುದಿಲ್ಲ. ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಅಮೆರಿಕನ್ ಕಾಲ್ ಸೈನ್ ಎನ್ಎ1ಎಸ್ಎಸ್, ರಷ್ಯದ್ದು ಆರ್‌ಎಸ್0ಐಎಸ್ಎಸ್.

ನಡುವಿನ ಅಂಕಿಯ ಬಗ್ಗೆ ತುಂಬಾ ಜನ ತಪ್ಪು ತಿಳಿದಿದ್ದಾರೆ. ಅಮೆರಿಕದಲ್ಲಿ ಅದು ಪ್ರಾಂತ್ಯ ಸೂಚಿಸುತ್ತದೆ, ಕ್ಯಾಲಿಫೋರ್ನಿಯಾಕ್ಕೆ 6, ಟೆಕ್ಸಾಸ್‌ಗೆ 5 ಎಂಬಂತೆ. ಅದನ್ನು ಓದಿಕೊಂಡು ಬಂದವರು ಇಲ್ಲಿಯೂ 2 ಅಂದರೆ ದಕ್ಷಿಣ ಭಾರತ, 3 ಅಂದರೆ ಉತ್ತರ ಎಂದೆಲ್ಲ ಊಹಿಸುತ್ತಾರೆ. ಹಾಗಿಲ್ಲ. ನಮ್ಮಲ್ಲಿ ಅದು ಪರವಾನಗಿಯ ದರ್ಜೆ: ವಿಯು2 ಅಂದರೆ ಜನರಲ್ ದರ್ಜೆ, ವಿಯು3 ಅಂದರೆ ರಿಸ್ಟ್ರಿಕ್ಟೆಡ್ ದರ್ಜೆ. ಕಾಶ್ಮೀರದವರಿಗೂ ಕಾರವಾರದವರಿಗೂ ಒಂದೇ ಲೆಕ್ಕ. ಅಂಕಿ ಜಾಗ ಹೇಳುವುದು ಎರಡೇ ಕಡೆ, ಅಂಡಮಾನ್ ಮತ್ತು ನಿಕೋಬಾರ್‌ಗೆ ವಿಯು4, ಲಕ್ಷದ್ವೀಪಕ್ಕೆ ವಿಯು7.

ಈ ವಿಯು4ರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹ್ಯಾಮ್‌ಗಳ ಲೆಕ್ಕದಲ್ಲಿ ದೂರದ ದ್ವೀಪಗಳು ಬೇರೆಯೇ ‘ದೇಶ’. ಎಷ್ಟು ದೇಶ ಮಾತಾಡಿಸಿದೆವು ಎಂದು ಎಣಿಸುವವರಿಗೆ ವಿಯು4 ತುಂಬಾ ಅಪರೂಪದ ತುಣುಕಾಗಿತ್ತು. ಅಲ್ಲಿಂದ ಪ್ರಸಾರ ಮಾಡಲು ವರ್ಷಗಟ್ಟಲೆ ಅನುಮತಿ ಸಿಕ್ಕಿರಲಿಲ್ಲ. 2004ರ ಡಿಸೆಂಬರ್‌ನಲ್ಲಿ ಹೈದರಾಬಾದಿನ ರಾಷ್ಟ್ರೀಯ ಅಮೆಚೂರ್ ರೇಡಿಯೋ ಸಂಸ್ಥೆಯ ತಂಡಕ್ಕೆ ಕೊನೆಗೂ ಅನುಮತಿ ಸಿಕ್ಕಿತು. ತಂಡದ ಮುಂದಾಳು ಭಾರತಿ ಪ್ರಸಾದ್, ಕಾಲ್ ಸೈನ್ ವಿಯು2ಆರ್‌ಬಿಐ. ಅವರು ಪೋರ್ಟ್ ಬ್ಲೇರ್‌ನಿಂದ ವಿಯು4ಆರ್‌ಬಿಐ ಎಂದು ಕರೆದಾಗ ಜಗತ್ತಿನ ಎಲ್ಲ ಮೂಲೆಗಳಿಂದ ಉತ್ತರ ಮುಗಿಬಿತ್ತು. ಆ ತಿಂಗಳ 26ರಂದು ಸುನಾಮಿ. ಫೋನ್ ಸತ್ತ ದ್ವೀಪಗಳಲ್ಲಿ ಅದೇ ಆಂಟೆನಾ, ಅದೇ ಸೆಟ್ಟು. ಹವ್ಯಾಸದ ಕೇಂದ್ರ ಆ ಬೆಳಿಗ್ಗೆಯೇ ತುರ್ತು ಕೇಂದ್ರವಾಯಿತು. ಯಾರು ಬದುಕಿದ್ದಾರೆ, ಎಲ್ಲಿದ್ದಾರೆ ಎಂಬ ಸುದ್ದಿ ಮುಖ್ಯಭೂಮಿಗೆ ಹರಿದುಬಂತು. ಗದ್ದಲದ ನಡುವೆ ವಿಯು4 ಎಂಬುದು ಕೇಳಿದ ಕೂಡಲೇ ಇದು ದ್ವೀಪದಿಂದಲೇ ಬರುತ್ತಿರುವ, ಸರ್ಕಾರ ಒಪ್ಪಿಗೆ ಕೊಟ್ಟ ಕೇಂದ್ರ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು, ಜಾಗ ಬಿಟ್ಟುಕೊಡುತ್ತಿದ್ದರು. ನೀವೇ ಒಂದು ಹೆಸರು ಕಟ್ಟಿಕೊಂಡರೆ ಈ ನಂಬಿಕೆ ಬರುವುದಿಲ್ಲ.

ಕೊನೆಯ ತುಂಡಿನಲ್ಲಿ ಎರಡು ಅಥವಾ ಮೂರು ಅಕ್ಷರ. ಎರಡೇ ಅಕ್ಷರದ್ದು 676 ಮಾತ್ರ ಆಗಬಲ್ಲವು, ಅವೆಲ್ಲ ಹೆಚ್ಚಾಗಿ ಹಿರಿಯರ ಕೈಯಲ್ಲಿವೆ. ರಾಜೀವ್ ಗಾಂಧಿಯವರದ್ದು ವಿಯು2ಆರ್‌ಜಿ. ಮೂರು ಅಕ್ಷರವಾದರೆ 17,576 ಸಾಧ್ಯತೆಗಳು. ಅದರಲ್ಲೂ ಎಸ್ಓಎಸ್ ಥರದ ಅಪಾಯದ ಸಂಕೇತಗಳು, ಕ್ಯುಆರ್‌ಎಂ, ಕ್ಯುಎಸ್ಎಲ್‌ನಂಥ ಕ್ಯು ಕೋಡ್‌ಗಳು (ಕ್ಯುನಿಂದ ಶುರುವಾಗುವ ಮೂರಕ್ಷರದ ಸಂಕೇತಗಳು) ಕಾಲ್ ಸೈನ್ ಆಗುವಂತಿಲ್ಲ. ಕೇಳಿದವರಿಗೆ ಗಲಿಬಿಲಿಯಾಗುತ್ತದೆ ಎಂಬ ಕಾರಣಕ್ಕೆ ಐಟಿಯು ನಿಯಮದಲ್ಲೇ ಅವುಗಳನ್ನು ಬದಿಗಿಟ್ಟಿದ್ದಾರೆ.

ನಿಮ್ಮ ಹೆಸರಿನ ಅಕ್ಷರ ಕೇಳಬಹುದೇ? ಅರ್ಜಿಯಲ್ಲಿ ನಿಮ್ಮ ಆಯ್ಕೆ ಹೇಳಬಹುದು, ಖಾಲಿ ಇದ್ದರೆ ಸಿಗಬಹುದು, ಸಿಕ್ಕೇ ಸಿಗುತ್ತದೆ ಎಂದಿಲ್ಲ. ಆದರೆ ನನ್ನ ಸಲಹೆ ಬೇರೆ. ಹೆಸರನ್ನು ನೋಡಿ ಆರಿಸಬೇಡಿ, ಕಿವಿಯಿಂದ ಆರಿಸಿ. ಇಂಗ್ಲಿಷಿನ ಬಿ, ಸಿ, ಡಿ, ಜಿ, ಪಿ, ಟಿ, ವಿ ಎಲ್ಲವೂ ‘ಈ’ ಎಂದೇ ಮುಗಿಯುತ್ತವೆ. ಸಿಗ್ನಲ್ ಸೊರಗಿದಾಗ ಮುಂದಿನ ವ್ಯಂಜನ ಗದ್ದಲದಲ್ಲಿ ಮುಳುಗಿ ಬರೀ ‘ಈ ಈ ಈ’ ಉಳಿಯುತ್ತದೆ. ಅದಕ್ಕೇ ನಾವು ಅಕ್ಷರದ ಬದಲು ಪದ ಹೇಳುವುದು: ವಿಕ್ಟರ್ ಯೂನಿಫಾರ್ಮ್ ಟೂ ಆಲ್ಫಾ ರೋಮಿಯೋ ಚಾರ್ಲಿ. ಇದು ಆಗಲೇ ಉದ್ದವಾಯಿತು ನೋಡಿ. ಒಂದೇ ಸಂಜೆ ಇದನ್ನು ಎಷ್ಟೋ ಸಲ ಹೇಳಬೇಕಾಗುತ್ತದೆ, ನಾಲಿಗೆಗೆ ಸಲೀಸಾಗಿರಬೇಕು.

ಒಂದು ಪರೀಕ್ಷೆ ಮಾಡಿ. ನಿಮಗೆ ಇಷ್ಟವಾದ ಮೂರು ನಾಲ್ಕು ಜೋಡಣೆಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿರುವಾಗ ಮೆಲ್ಲಗೆ ಹಾಕಿ, ಪಕ್ಕದ ಕೋಣೆಯಲ್ಲಿರುವವರಿಗೆ ಕೇಳಿಸಿದ್ದನ್ನು ಬರೆಯಲು ಹೇಳಿ. ಯಾವುದನ್ನು ಅವರು ತಪ್ಪಿಲ್ಲದೆ ಬರೆದರೋ ಅದೇ ಒಳ್ಳೆಯ ಕಾಲ್ ಸೈನ್. ಹೊಸದಾಗಿ ಬರುವವರಿಗೆಲ್ಲ ನಾನು ಇದನ್ನೇ ಹೇಳುವುದು.

ಚುಕ್ಕೆ, ಗೆರೆಗಳ ಸಂಕೇತವಾದ ಮೋರ್ಸ್ ಕಲಿಯುವ ಆಸೆ ಇದ್ದರೆ ಇನ್ನೊಂದು ಲೆಕ್ಕ ಇದೆ. ಚುಕ್ಕೆಗೆ ‘ಡಿ’, ಗೆರೆಗೆ ‘ಡಾ’ ಅನ್ನುತ್ತೇವೆ. ವಿಯು2 ಮೋರ್ಸ್‌ನಲ್ಲಿ ‘ಡಿಡಿಡಿಡಾ, ಡಿಡಿಡಾ, ಡಿಡಿಡಾಡಾಡಾ’. ಚಿಕ್ಕದರಿಂದ ಉದ್ದಕ್ಕೆ ಏರುವ ಈ ನಡೆ ಕಿವಿಗೆ ಬಹಳ ಚೆನ್ನ, ನೂರು ಸಿಗ್ನಲ್ ನಡುವೆಯೂ ಭಾರತದವರನ್ನು ಹೆಕ್ಕಿ ತೆಗೆಯಬಹುದು. ಅದರ ಹಿಂದೆ ಜೆ, ವೈ, ಸಿ ಥರದ ಉದ್ದದ ಅಕ್ಷರ ಸಾಲಾಗಿ ಬಂದರೆ ಕಳಿಸುವಷ್ಟರಲ್ಲಿ ಇನ್ನೊಬ್ಬರು ನುಗ್ಗಿರುತ್ತಾರೆ. ಪೂರ್ತಿ ಚಿಕ್ಕದೂ ಒಳ್ಳೆಯದಲ್ಲ. ಎಸ್ ಮೂರು ಚುಕ್ಕೆ, ಎಚ್ ನಾಲ್ಕು ಚುಕ್ಕೆ. ಸಿಡಿಲು ಮಳೆಯ ದಿನ ಒಂದು ಚುಕ್ಕೆ ಕಳೆದುಹೋದರೆ ನೀವು ಬೇರೆಯವರಾಗಿಬಿಡುತ್ತೀರಿ.

ಇನ್ನು ಪಡೆಯುವ ದಾರಿ. ಇದನ್ನು ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ (ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್) ವಿಭಾಗ. ಅರ್ಜಿ ಹಾಕುವುದು ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. 12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು, ಎಂಜಿನಿಯರಿಂಗ್ ಓದಿರಬೇಕಿಲ್ಲ. ಪರೀಕ್ಷೆಯಲ್ಲಿ ಎರಡು ಭಾಗ: ಒಂದು ರೇಡಿಯೋ ವಿಜ್ಞಾನ, ಅಂದರೆ ಓಮ್‌ನ ನಿಯಮ, ಅನುರಣನ, ಆಂಟೆನಾ, ತರಂಗ ಹೇಗೆ ಸಾಗುತ್ತದೆ ಎಂಬುದು, ಇನ್ನೊಂದು ನಿಯಮಗಳು, ಕ್ಯು ಕೋಡ್ ಇತ್ಯಾದಿ. ರಿಸ್ಟ್ರಿಕ್ಟೆಡ್‌ಗೆ ಇಷ್ಟೇ ಸಾಕು, ಪ್ರಸಾರದ ಮಿತಿ 50 ವ್ಯಾಟ್. ಜನರಲ್‌ಗೆ ಇದರ ಜೊತೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್ ಕಳಿಸಿ, ಕೇಳಿ ಬರೆದು ತೋರಿಸಬೇಕು, ಮಿತಿ 400 ವ್ಯಾಟ್. ಪರೀಕ್ಷೆ ನಡೆಸುವುದು ವೈರ್‌ಲೆಸ್ ಮಾನಿಟರಿಂಗ್ ಸ್ಟೇಷನ್‌ನವರು, ನಿಮಗೆ ಹತ್ತಿರದ್ದು ಬೆಂಗಳೂರು.

ಇಲ್ಲಿ ಎಷ್ಟೋ ಜನ ಎಡವುವ ಜಾಗ ಒಂದಿದೆ. ಪಾಸಾದರೆ ಸಿಗುವುದು ಆಪರೇಟರ್ ಪ್ರಮಾಣಪತ್ರ, ಎಎಸ್ಓಸಿ. ಅದು ಕಾಲ್ ಸೈನ್ ಅಲ್ಲ. ಅದನ್ನಿಟ್ಟುಕೊಂಡು ಕೇಂದ್ರದ ಪರವಾನಗಿಗೆ ಮತ್ತೆ ಅರ್ಜಿ ಹಾಕಬೇಕು, ಕಾಲ್ ಸೈನ್ ಅಚ್ಚಾಗಿ ಬರುವುದು ಆ ಪರವಾನಗಿಯ ಮೇಲೆ. ಪಾಸಾದ ಖುಷಿಯಲ್ಲಿ ಸೆಟ್ ತಂದು ಮಾತಾಡಲು ಶುರು ಮಾಡಬಾರದು. ಪೊಲೀಸ್ ಪರಿಶೀಲನೆ, ಗೃಹ ಸಚಿವಾಲಯದ ಒಪ್ಪಿಗೆ ಎಂದು ತಿಂಗಳುಗಟ್ಟಲೆ ಕಾಯುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಕಾಯಬೇಕಾದರೆ ಆ ಹೊತ್ತು ಕೇಳುವುದಕ್ಕೆ ಬಳಸಿ. ಅದಕ್ಕೆ ಟ್ರಾನ್ಸ್‌ಮಿಟರ್ ಬೇಡ. ಇಂಟರ್ನೆಟ್‌ನಲ್ಲಿ ವೆಬ್‌ಎಸ್‌ಡಿಆರ್ ಎಂಬ ರಿಸೀವರ್‌ಗಳಿವೆ, ನೆದರ್‌ಲ್ಯಾಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ್ದು ಎಲ್ಲರಿಗೂ ಗೊತ್ತಿರುವುದು. 7 ಮೆಗಾಹರ್ಟ್ಝ್ ಸುತ್ತ ತಿರುಗಿಸಿ, ಬರುವ ಕಾಲ್ ಸೈನ್‌ಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋಗಿ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಕಂಡಿಲ್ಲ.

ಎಲ್ಲಿಂದ ಶುರು ಮಾಡಲಿ, ವಿಯು3 ಅಥವಾ ನೇರ ವಿಯು2? ಮೋರ್ಸ್ ಬಗ್ಗೆ ಹೆದರಿಕೆ ಇದ್ದರೆ ವಿಯು3 ಮಾಡಿ, ಗಾಳಿಗೆ ಬನ್ನಿ. ಆಮೇಲೆ ದರ್ಜೆ ಏರಿಸಿಕೊಳ್ಳಬಹುದು. ಆದರೆ ಎರಡು ಮೂರು ತಿಂಗಳು ದಿನಾ ಸ್ವಲ್ಪ ಹೊತ್ತು ಕೂರುವ ತಾಳ್ಮೆ ಇದ್ದರೆ ನೇರ ಜನರಲ್ ಬರೆಯಿರಿ ಎಂದೇ ನಾನು ಹೇಳುವುದು. ಕಾಲ್ ಸೈನ್ ಒಮ್ಮೆ ಜನರ ಕಿವಿಯಲ್ಲಿ ಕೂತ ಮೇಲೆ ಬದಲಾಯಿಸುವುದು ಬೇಜಾರಿನ ಕೆಲಸ. ಊರಿನ ಹ್ಯಾಮ್‌ಗಳು ನಿಮ್ಮನ್ನು ಕೊನೆಯ ಮೂರು ಅಕ್ಷರದಿಂದಲೇ ಕರೆಯತೊಡಗುತ್ತಾರೆ, ನಿಮ್ಮ ನಿಜವಾದ ಹೆಸರು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ.

ನಿಮ್ಮ ತಮ್ಮನ ವಿಷಯ. ಅವರು ಅಲ್ಲಿಯೇ ಇರುವುದಾದರೆ ಅಲ್ಲಿಯೇ ಪರೀಕ್ಷೆ ಬರೆಯುವುದು ಸುಲಭ. ಅಲ್ಲಿ ಪರವಾನಗಿ ಕೊಡುವ ಸಂಪರ್ಕ ಆಯೋಗ ಎಫ್‌ಸಿಸಿ, ಅದರ ಪರವಾನಗಿಗೆ ಅಮೆರಿಕದ ಪೌರತ್ವ ಬೇಕಿಲ್ಲ. ಮೊದಲ ಮೆಟ್ಟಿಲಾದ ಟೆಕ್ನಿಷಿಯನ್‌ಗೆ 35 ಪ್ರಶ್ನೆ, 26 ಸರಿಯಾದರೆ ಪಾಸು, ಮೋರ್ಸ್ ಅನ್ನು 2007ರಲ್ಲೇ ಕೈಬಿಟ್ಟಿದ್ದಾರೆ. ಕಾಲ್ ಸೈನ್ ಸರದಿಯಂತೆ ಬರುತ್ತದೆ. ಬೇಕಾದ ಅಕ್ಷರದ್ದೇ ಬೇಕೆಂದರೆ ಆಮೇಲೆ ವ್ಯಾನಿಟಿ ಕಾಲ್ ಸೈನ್ ಎಂದು ಅರ್ಜಿ ಹಾಕಬಹುದು. ಈ ಸೌಲಭ್ಯ ಅಲ್ಲಿ ತುಂಬಾ ವ್ಯವಸ್ಥಿತವಾಗಿದೆ, ನಮ್ಮಲ್ಲೂ ಹಾಗೆ ಆಗಲಿ ಎಂಬುದು ನನ್ನ ಆಸೆ. ನೀವು ವಿಯು2 ಆದ ಮೇಲೆ ಅವರ ಮನೆಗೆ ಹೋದರೆ, ಎರಡೂ ದೇಶಗಳ ನಡುವೆ ಒಪ್ಪಂದ ಇರುವುದರಿಂದ ಅಲ್ಲಿಂದಲೂ ಮಾತಾಡಬಹುದು. ಆಗ ನಿಮ್ಮ ಕಾಲ್ ಸೈನ್ ಮುಂದೆ ಅಲ್ಲಿನ ಪ್ರಾಂತ್ಯ ಸೇರಿಸಬೇಕು. ಕ್ಯಾಲಿಫೋರ್ನಿಯಾದಲ್ಲಾದರೆ ಡಬ್ಲ್ಯು6, ಒಂದು ಓರೆಗೆರೆ, ಆಮೇಲೆ ನಿಮ್ಮ ವಿಯು2.