ಫರಸಿ ನೆಲ, ಸಾವಿರ ವ್ಯಾಟಿನ ಡಬ್ಬಿ

ಪ್ರಶ್ನೆ: ಸರ್, ನಮ್ಮದು ಸೇಡಂ ರಸ್ತೆ ಕಡೆ ಹಳೇ ಮನೆ. ಪಡಸಾಲೆ 12 ಅಡಿ ಅಗಲ, 15 ಅಡಿ ಉದ್ದ. ನೆಲ ಶಹಾಬಾದ್ ಫರಸಿ. 50 ಸಾವಿರದೊಳಗೆ ಹೋಂ ಥಿಯೇಟರ್ ಮಾಡಿಸಬೇಕು. ಅಂಗಡಿಯಲ್ಲಿ ‘1000 ವ್ಯಾಟ್’ ಅಂತ ಬರೆದ ಡಬ್ಬಿ ತೋರಿಸಿದರು. ಅದನ್ನೇ ತರಲಾ, ಇಲ್ಲ ರಿಸೀವರ್, ಸ್ಪೀಕರ್ ಬೇರೆ ಬೇರೆ ತಗೊಳ್ಳಲಾ?
– ಓದುಗರು, ಕಲಬುರಗಿ

ಉತ್ತರ: ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ನಾನೂ ಕಲಬುರಗಿಯವನೇ, ನಾನೂ ಹಿಂದೊಮ್ಮೆ ಅಂಥದ್ದನ್ನೇ ಹೊತ್ತು ತಂದಿದ್ದೆ. ಬಾಂಬ್ ಸಿಡಿದರೆ ಕಿಟಕಿ ಗಾಜು ನಡುಗುತ್ತಿತ್ತು. ಯಾರಾದರೂ ಮೆಲ್ಲಗೆ ಮಾತಾಡಿದರೆ ಮಾತ್ರ ನಮ್ಮವ್ವ ನನ್ನ ಕಡೆ ತಿರುಗಿ ‘ಏನಂದ್ನೋ ಅಂವ?’ ಅಂತ ಕೇಳುತ್ತಿದ್ದಳು. ಮಾತಿಗೆ ವಾಲ್ಯೂಮ್ ಏರಿಸೋದು, ಹೊಡೆದಾಟಕ್ಕೆ ಇಳಿಸೋದು. ವರ್ಷವಿಡೀ ನನಗೆ ಅದೇ ಕೆಲಸ.

ಆ 1000 ಅನ್ನೋದು ಪಿಎಂಪಿಒ ಇರಬೇಕು. ಅದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಲೆಕ್ಕ, ಅಳೆಯಲು ಎಲ್ಲರೂ ಒಪ್ಪಿದ ಪದ್ಧತಿಯೂ ಇಲ್ಲ. ನೀವು ನೋಡಬೇಕಾದದ್ದು ಸತತವಾಗಿ ಕೊಡುವ ಶಕ್ತಿಯ ಲೆಕ್ಕ, ಆರ್‌ಎಂಎಸ್. ಒಳ್ಳೇ ಕಂಪನಿಯ ರಿಸೀವರ್ (ಸ್ಪೀಕರುಗಳಿಗೆಲ್ಲ ಸದ್ದು ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆ) ಆದರೂ ಸಣ್ಣ ಅಕ್ಷರ ಓದಿ. ‘1 ಚಾನೆಲ್, 1 ಕಿಲೋಹರ್ಟ್ಸ್’ ಅಂತಿದ್ದರೆ ಒಂದೇ ಸ್ಪೀಕರಿಗೆ ಒಂದೇ ಸ್ವರ ಕೊಟ್ಟು ಅಳೆದದ್ದು. ‘2 ಚಾನೆಲ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್’ ಅಂತಿದ್ದರೆ ಲೆಕ್ಕ ಹೆಚ್ಚು ಪ್ರಾಮಾಣಿಕ. ನಿಮ್ಮ ಪಡಸಾಲೆಗೆ ಒಂದೊಂದು ಸ್ಪೀಕರಿಗೆ ಅಂಥ 50–70 ವ್ಯಾಟ್ ಧಾರಾಳ ಆಯಿತು. ಸದ್ದು 3 ಡೆಸಿಬೆಲ್ ಏರಬೇಕಾದರೆ ವ್ಯಾಟ್ ದುಪ್ಪಟ್ಟು ಬೇಕು. 3 ಡೆಸಿಬೆಲ್ ಅಂದರೆ ಕಿವಿಗೆ ‘ಸ್ವಲ್ಪ ಏರಿತು’ ಅನ್ನಿಸುವಷ್ಟೇ. ಅದಕ್ಕೇ ಸ್ಪೀಕರಿನ ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟಿಗೆ ಎಷ್ಟು ಡೆಸಿಬೆಲ್ ಸದ್ದು ಕೊಡುತ್ತದೆ ಅನ್ನೋದನ್ನು ಕೇಳಿ. 86 ಇರುವ ಸ್ಪೀಕರಿಗಿಂತ 89 ಇರುವುದು ಅರ್ಧ ವ್ಯಾಟಿನಲ್ಲಿ ಅಷ್ಟೇ ಸದ್ದು ಕೊಡುತ್ತದೆ.

ನಾನಾದರೆ ಡೆನಾನ್, ಯಮಹಾ, ಸೋನಿ ಈ ಮೂರರಲ್ಲಿ ಒಂದರ ಸಾದಾ 5.1 (ಐದು ಸ್ಪೀಕರ್, ತಗ್ಗು ಸ್ವರಕ್ಕೆ ಒಂದು ಸಬ್ ವೂಫರ್) ರಿಸೀವರ್ ನೋಡುತ್ತೇನೆ. ಎಚ್‌ಡಿಎಂಐ ಎಆರ್‌ಸಿ ಇರಲೇಬೇಕು, ಟಿವಿಯ ಸದ್ದೂ ಅದೇ ಕೇಬಲ್‌ನಲ್ಲಿ ಬರುತ್ತದೆ. ಉಳಿದ ದುಡ್ಡನ್ನು ಐದು ಸ್ಪೀಕರಿಗೆ ಹಂಚಬೇಡಿ. ಎರಡೇ ಎರಡು ಒಳ್ಳೇ ಬುಕ್‌ಶೆಲ್ಫ್ ಸ್ಪೀಕರ್ ತನ್ನಿ. ರಿಸೀವರಿನ ಸೆಟಿಂಗ್‌ನಲ್ಲಿ ಸೆಂಟರ್ (ನಡುವಿನ ಸ್ಪೀಕರ್) ‘ಇಲ್ಲ’ ಅಂತ ಇಡುವುದು ಮರೀಬೇಡಿ, ಮರೆತರೆ ಮಾತೆಲ್ಲಾ ಇಲ್ಲದ ಸ್ಪೀಕರಿಗೆ ಹೋಗಿ ತುಟಿ ಅಲ್ಲಾಡೋದಷ್ಟೇ ಕಾಣುತ್ತದೆ! ಮುಂದಿನ ದೀಪಾವಳಿಗೆ ಅದೇ ಕಂಪನಿಯ, ಅದೇ ಸೀರೀಸಿನ ಸೆಂಟರ್ ಸ್ಪೀಕರ್. ಸಿನಿಮಾದ ಮಾತು ಬಹುಪಾಲು ಬರುವುದು ಅದರಿಂದಲೇ. ಆಮೇಲೆ ಸಬ್ ವೂಫರ್. ಹಿಂದಿನ ಎರಡು ಸ್ಪೀಕರಿಗೆ ಅವಸರ ಏನೂ ಇಲ್ಲ.

ಇನ್ನು ಫರಸಿ. ಪಡಸಾಲೆ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ‘ಟಣ್’ ಅಂತ ಸದ್ದು ಬಾಲ ಎಳೆಯುತ್ತದೆ ಅಲ್ವಾ? ಮಾತು ಕೆಡಿಸುವುದು ಅದೇ. ಬೇಸಿಗೆಯಲ್ಲಿ ಬರಿಗಾಲಿಗೆ ತಂಪು ಕೊಡುವ ಕಲ್ಲು ಸದ್ದನ್ನು ನುಂಗುವುದಿಲ್ಲ, ಹಾಗೇ ವಾಪಸ್ ಒಗೆಯುತ್ತದೆ. ಟಿವಿಗೂ ಕೂರುವ ಜಾಗಕ್ಕೂ ನಡುವೆ ದಪ್ಪ ಜಮಖಾನೆ ಹಾಸಿ. ಬೆನ್ನ ಹಿಂದಿನ ಗೋಡೆಗೆ ಕೌದಿ ತೂಗುಹಾಕಿ. ನಮ್ಮಲ್ಲಿರುವುದು ಅವ್ವ ಹಳೇ ಸೀರೆ ಪದರ ಪದರ ಇಟ್ಟು ಹೊಲಿದದ್ದು, ಎತ್ತಿದರೆ ಕೈ ಸೋಲುವಷ್ಟು ಭಾರ. ‘ಹೊಚ್ಚಿಕೊಳ್ಳೋ ಕೌದಿ ಗ್ವಾಡಿಗ್ಯಾಕ?’ ಅಂತ ಮೊದಲು ಬೈದಳು. ಈಗ ‘ಏನಂದ್ನೋ’ ಅಂತ ಕೇಳುವುದು ಕಡಿಮೆ ಆಗಿದೆ.

ರಿಸೀವರನ್ನು ಗಾಜಿನ ಬಾಗಿಲಿನ ಶೋಕೇಸಿಗೆ ತುರುಕಬೇಡಿ. ನಮ್ಮೂರ ಮೇ ತಿಂಗಳಲ್ಲಿ 42 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ, ಯಂತ್ರಕ್ಕೂ ಉಸಿರಾಡಲು ಮೇಲೆ ಒಂದು ಗೇಣು ಜಾಗ ಬೇಕು. ಓಣಿಯಲ್ಲಿ ವೋಲ್ಟೇಜ್ ಏರಿಳಿತ ಇದ್ದರೆ ಸ್ಟೆಬಿಲೈಜರ್ ಹಾಕಿ. ವೈರು 16 ಗೇಜಿನ ಅಪ್ಪಟ ತಾಮ್ರ ಸಾಕು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಸ್ಪೀಕರಿಗೆ ಉಲ್ಟಾ ಆದರೂ ತಗ್ಗು ಸ್ವರ, ಅಂದರೆ ಬೇಸ್, ಸೊರಗುತ್ತದೆ.

ಪ್ರಶ್ನೆ: ಸಬ್ ವೂಫರನ್ನು ಮೂಲೆಯಲ್ಲಿ ಇಟ್ಟಿದ್ದೇನೆ. ಸುಮ್ನೆ ‘ಗುಂಯ್’ ಅನ್ನುತ್ತದೆ. ಎಲ್ಲಿಡಲಿ?
– ಓದುಗರು, ಬೀದರ್

ಉತ್ತರ: ಮೂಲೆ ಬೇಸನ್ನು ಉಬ್ಬಿಸುತ್ತದೆ. ವೂಫರನ್ನು ಎತ್ತಿ ನೀವು ಕೂರುವ ಕುರ್ಚಿಯ ಮೇಲಿಡಿ. ಗೊತ್ತಿರುವ ಒಂದು ಹಾಡು ಹಚ್ಚಿ, ಗೋಡೆಗುಂಟ ಮೊಣಕಾಲ ಮೇಲೆ ಅಂಬೆಗಾಲಿಟ್ಟು ಹೋಗಿ. ಎಲ್ಲಿ ಬೇಸ್ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳುತ್ತದೋ ಅಲ್ಲಿ ವೂಫರ್ ಇಡಿ. ಕ್ರಾಸ್‌ಓವರ್ (ಎಲ್ಲಿಂದ ಕೆಳಗಿನ ಸ್ವರ ವೂಫರಿಗೆ ಹೋಗಬೇಕು ಅನ್ನುವ ಗೆರೆ) 80 ಹರ್ಟ್ಸ್‌ನಿಂದ ಶುರು ಮಾಡಿ. ಮನೆಯವರು ನಗುತ್ತಾರೆ, ನಗಲಿ. ನನಗೆ ಆ ಜಾಗ ಸಿಕ್ಕಿದ್ದು ಜೋಳದ ಚೀಲದ ಪಕ್ಕ. ಚೀಲ ಕದಲಿಸಲು ಅವ್ವ ಒಪ್ಪಲಿಲ್ಲ, ಎರಡೂ ಈಗ ಅಲ್ಲೇ ಇವೆ.