ಬೀಡ್ ಕೆರೆಸುವ ಮೊದಲು ಪೈಪಿನ ಸೈಜ್ ನೋಡಿ

ಪ್ರಶ್ನೆ: ಯಲಹಂಕದ ಹತ್ತಿರ ನಮ್ಮ ಲೇಔಟಿನಲ್ಲಿ ಸಂಪಿನಿಂದ ಟ್ಯಾಂಕಿಗೆ 400 ಮೀಟರ್ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪ್ ಹಾಕಿಸುತ್ತಿದ್ದೇವೆ. ಸೈಜ್ 110 ಎಂಎಂ, ಪ್ಲಾಸ್ಟಿಕ್ಕಿನ ದರ್ಜೆ ಪಿಇ 100, ಒತ್ತಡ ತಡೆಯುವ ದರ್ಜೆ ಪಿಎನ್ 10. ಸೆಕೆಂಡಿಗೆ 8 ಲೀಟರ್ ನೀರು ಬೇಕು. ಬಟ್ ವೆಲ್ಡಿಂಗ್ ಮಾಡಿದ, ಅಂದರೆ ತುದಿಗಳನ್ನು ಕಾಯಿಸಿ ಒತ್ತಿ ಕೂಡಿಸಿದ ಕಡೆಯೆಲ್ಲ ಕರಗಿದ ಪ್ಲಾಸ್ಟಿಕ್ ಒಳಗೆ ಬಳೆಯಂತೆ ಉಬ್ಬಿ ನಿಲ್ಲುತ್ತದೆ, ಅದೇ ಬೀಡ್. ಕೆರೆಸದಿದ್ದರೆ ಅರ್ಧ ನೀರೂ ಬರಲ್ಲ ಅಂತಾರೆ ಕಂಟ್ರಾಕ್ಟರ್. ನಿಜವೇ?

ಉತ್ತರ: ಸುಳ್ಳು. ಈ ಕಥೆ ಕೇಳಿ ಕೇಳಿ ನನಗೆ ಸಾಕಾಗಿದೆ. ನಿಮ್ಮ ಪೈಪಿನ ಒಳ ಅಗಲ ಸುಮಾರು 97 ಎಂಎಂ. ಅಷ್ಟು ನೀರಿಗೆ 400 ಮೀಟರಿನಲ್ಲಿ ಘರ್ಷಣೆಗೆ ಹೋಗುವ ಹೆಡ್ (ನೀರಿನ ಎತ್ತರದಲ್ಲಿ ಅಳೆದ ಒತ್ತಡ) ಸುಮಾರು 4.5 ಮೀಟರ್. ಆರು ಮೀಟರಿನ ತುಂಡುಗಳಾದರೆ 66 ಜಾಯಿಂಟ್. ಬೀಡ್ 3 ಎಂಎಂ ಎದ್ದಿದ್ದರೂ ಅಷ್ಟೂ ಸೇರಿ ತಿನ್ನುವುದು ಕಾಲು ಮೀಟರಿನ ಆಸುಪಾಸು. ಒಂದು ಚೂಪು ಎಲ್ಬೋ ಹತ್ತಾರು ಬೀಡಿನಷ್ಟು ತಿನ್ನುತ್ತದೆ, ಅದರ ಬಗ್ಗೆ ಯಾರೂ ಕೇಳಲ್ಲ!

ಇನ್ನೊಂದು ಮಾತು. ದುಡ್ಡು ಉಳಿಸಲು ಇದೇ ಜನ 90 ಎಂಎಂ ಪೈಪ್ ಸಾಕು ಅಂತಾರಲ್ವಾ? ಅದರಲ್ಲಿ ಇದೇ ನೀರಿಗೆ 12 ಮೀಟರ್ ಹೋಗುತ್ತದೆ. ನಿಜವಾದ ಕಳ್ಳ ಅಲ್ಲಿದ್ದಾನೆ.

ಕೋಲಿನ ತುದಿಗೆ ಗ್ರೈಂಡರ್ ಕಟ್ಟಿ ಒಳಗೆ ತೂರಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಪೈಪಿನ ಗೋಡೆಗೇ ಗೀರು ಬೀಳುತ್ತದೆ, ಚೂರುಗಳು ಹೋಗಿ ವಾಲ್ವಿನಲ್ಲಿ ಕೂರುತ್ತವೆ. ಬದಲು ವೆಲ್ಡಿಂಗ್ ನಡೆಯುವಾಗ ಪಕ್ಕದಲ್ಲೇ ನಿಲ್ಲಿ. ಎರಡು ತುದಿ ನೇರ ಕೂತಿವೆಯಾ? ಗೋಡೆಯ ದಪ್ಪದ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಜರುಗಿರಬಾರದು. ಬೇಗ ಆರಲಿ ಅಂತ ನೀರು ಎರಚಿದರೆ ಆ ಜಾಯಿಂಟ್ ಕತ್ತರಿಸಿ ತೆಗೆಸಿ. ಹೊರಗಿನ ಬೀಡ್ ಸುತ್ತಲೂ ಒಂದೇ ಸಮ, ದುಂಡಗೆ ಇರಲಿ.

ಬೀಡ್ ಲೆಕ್ಕಕ್ಕೆ ಬರುವುದು ಸಣ್ಣ ಪೈಪಿನಲ್ಲಿ, ಮತ್ತೆ ಇಳಿಜಾರು ಕಡಿಮೆಯಿರುವ ಒಳಚರಂಡಿಯಲ್ಲಿ. ಅಲ್ಲಿ ಕಸ ಅದಕ್ಕೆ ಸಿಕ್ಕಿಕೊಳ್ಳುತ್ತದೆ. 63 ಎಂಎಂ ಆದರೆ ಸುರುಳಿ ಪೈಪ್ ತನ್ನಿ, ಜಾಯಿಂಟೇ ಕಡಿಮೆ. ಬೇಕಾದ ಕಡೆ ಎಲೆಕ್ಟ್ರೋಫ್ಯೂಷನ್ ಕಪ್ಲರ್ (ಪೈಪಿನ ಹೊರಗೆ ಕೂತು ಕರೆಂಟಿನ ಬಿಸಿಗೆ ಬೆಸೆಯುವ ತೋಳು) ಹಾಕಿಸಿ, ಒಳಗೆ ಬೀಡ್ ಬರುವುದಿಲ್ಲ.

ಪ್ರಶ್ನೆ: ಪಿವಿಸಿ ಪೈಪಿನ ಜಾಯಿಂಟಿನಲ್ಲೂ ಬೀಡ್ ಬರುತ್ತದಾ?

ಉತ್ತರ: ಇಲ್ಲ, ಅಂಟು ಸುರಿದು ನೀವೇ ಮಾಡಿಕೊಳ್ಳದಿದ್ದರೆ.

ಪ್ರಶ್ನೆ: ಪೈಪಿಗೆ ಮ್ಯಾಗ್ನೆಟ್ ಕಟ್ಟಿದರೆ ನೀರು ಸಲೀಸಾಗಿ ಹರಿಯುತ್ತದಂತೆ?

ಉತ್ತರ: ಹರಿಯುವುದು ನಿಮ್ಮ ದುಡ್ಡು.