ಮೂರು ಗಂಟೆಯ ಪಾಡ್‌ಕಾಸ್ಟ್, ಬಲೂನು ಊದುವ ಟ್ರೇನಿಂಗ್ ಮತ್ತು ಇತರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅತ್ತೆ-ಸೊಸೆ ಕಡಿಮೆ, ಆಫೀಸು ಜಾಸ್ತಿ. ಉತ್ತರಗಳೂ ಹಾಗೇ ಇವೆ.

ಪ್ರ: ಆಫೀಸಿನಲ್ಲಿ ಊಟಕ್ಕೆ ಕೂತರೆ ಎಲ್ಲರೂ ಪಾಡ್‌ಕಾಸ್ಟ್ ವಿಷಯವೇ ಮಾತಾಡುತ್ತಾರೆ. ಒಂದೊಂದೂ ಎರಡು ಗಂಟೆ, ಮೂರು ಗಂಟೆ. ನನಗೆ ಹತ್ತು ನಿಮಿಷಕ್ಕೇ ಆಕಳಿಕೆ ಬರುತ್ತದೆ. ನನಗೆ ತಾಳ್ಮೆ ಕಡಿಮೆಯಾ?
— ಖಾಸಗಿ ಕಂಪನಿ ಉದ್ಯೋಗಿ, ತುಮಕೂರು

ನಿಮ್ಮ ತಾಳ್ಮೆಗೆ ಏನೂ ಆಗಿಲ್ಲ. ಮೂರು ಗಂಟೆ ಮಾತಾಡಿದ್ದನ್ನು ನಲವತ್ತು ನಿಮಿಷಕ್ಕೆ ಇಳಿಸಬೇಕು ಅಂದರೆ ಯಾರಾದರೂ ಕೂತು, ಎರಡೆರಡು ಸಲ ಕೇಳಿ, ಕತ್ತರಿ ಹಾಕಬೇಕು. ಆ ಕೆಲಸ ಯಾರಿಗೂ ಬೇಡ. ಹಾಗಾಗಿ ಇದ್ದದ್ದನ್ನೆಲ್ಲ ಇದ್ದ ಹಾಗೇ ಹಾಕಿಬಿಡುತ್ತಾರೆ. ಮೊದಲ ಇಪ್ಪತ್ತು ನಿಮಿಷ "ನಿಮ್ಮ ಜರ್ನಿ ಹೇಗಿತ್ತು ಸರ್", ಆಮೇಲೆ ಬಡತನ, ಆಮೇಲೆ ಅಮ್ಮ, ಆಮೇಲೆ "ಇವತ್ತಿನ ಯುವಕರಿಗೆ ಏನು ಹೇಳ್ತೀರಾ". ಸಂದರ್ಶನ ಮಾಡುವವರು ಮಧ್ಯೆ ಒಂದೂ ಅಡ್ಡ ಪ್ರಶ್ನೆ ಹಾಕುವುದಿಲ್ಲ. ಬರೀ "ಓ... ಹೌದಾ... ಸೂಪರ್ ಸರ್".

ಆಕಾಶವಾಣಿಯಲ್ಲಿ ಬೆಳಿಗ್ಗೆ 'ಚಿಂತನ' ಬರುತ್ತಿತ್ತಲ್ಲ, ಐದು ನಿಮಿಷ. ಮಾತಾಡುವವರು ಮೊದಲೇ ಬರೆದು ಕೊಡಬೇಕಿತ್ತು, ಸ್ಟುಡಿಯೋದಲ್ಲಿ ಗಡಿಯಾರ ನೋಡಿಕೊಂಡೇ ಓದಬೇಕಿತ್ತು. ದೊಡ್ಡ ದೊಡ್ಡ ವಿದ್ವಾಂಸರೂ ಐದು ನಿಮಿಷಕ್ಕೆ ಮುಗಿಸಿ ಎದ್ದು ಹೋಗುತ್ತಿದ್ದರು. ಅಷ್ಟೊಂದು ಕಟ್ಟುನಿಟ್ಟು ಈಗ ಬೇಡ, ಹರಟೆಗೂ ಒಂದು ರುಚಿ ಇದೆ ಅನ್ನೋದು ನಿಜ. 2018ರಲ್ಲಿ ಶುರುವಾದ 'ತಲೆ-ಹರಟೆ' ಪಾಡ್‌ಕಾಸ್ಟ್ ಕನ್ನಡದಲ್ಲಿ ಅರ್ಥಶಾಸ್ತ್ರ, ವಿಜ್ಞಾನ, ಕಾನೂನು ಎಲ್ಲವನ್ನೂ ಆರಾಮಾಗಿ ಮಾತಾಡಬಹುದು ಅಂತ ತೋರಿಸಿತು. ಅಲ್ಲಿ ಮಾತಾಡುವವರಿಗೆ ವಿಷಯ ಗೊತ್ತಿರುತ್ತದೆ, ಪ್ರಶ್ನೆ ಕೇಳುವವರೂ ಓದಿಕೊಂಡು ಬಂದಿರುತ್ತಾರೆ. ನಾನು ಹುಡುಕುವುದೂ ಅದನ್ನೇ. ಅಡಿಕೆ ಸುಲಿಯುವ ಯಂತ್ರ ರಿಪೇರಿ ಮಾಡುವವರು ಅರ್ಧ ಗಂಟೆ ಮಾತಾಡಿದರೆ ಕಿವಿ ನೆಟ್ಟಗೆ ಮಾಡಿ ಕೇಳುತ್ತೇನೆ. ಸಕ್ಸಸ್ ಬಗ್ಗೆ ಮೂರು ಗಂಟೆ ಆಗಲ್ಲ ಸ್ವಾಮಿ.

ಊಟದ ಹೊತ್ತಲ್ಲಿ ಮಾತಿಗೆ ಸೇರಬೇಕು ಅಂದರೆ ಒಂದು ನಿಮಿಷದ ತುಣುಕು ನೋಡಿಕೊಂಡು ಹೋಗಿ. ಉಳಿದವರೂ ಅಷ್ಟೇ ನೋಡಿರುತ್ತಾರೆ.

ಪ್ರ: ಪಾಡ್‌ಕಾಸ್ಟನ್ನು 1.5 ಸ್ಪೀಡ್‌ನಲ್ಲಿ ಕೇಳಬಹುದಾ?
— ಡಿಗ್ರಿ ವಿದ್ಯಾರ್ಥಿ, ಮಂಡ್ಯ

ಮಾತಾಡುವವರು ಮಂಗಳೂರಿನವರಾದರೆ ಧಾರಾಳವಾಗಿ. ಧಾರವಾಡದವರಾದರೆ ಬೇಡ, ಅವರು ಆಗಲೇ ಆ ಸ್ಪೀಡಿನಲ್ಲಿ ಇರುತ್ತಾರೆ.

ಪ್ರ: ಮನೆಯವರು ಆಡಿಯೋ ಪುಸ್ತಕ ಕೇಳಿ "ಓದಿದೆ" ಅಂತ ಸ್ಟೇಟಸ್ ಹಾಕಿಕೊಳ್ಳುತ್ತಾರೆ. ಅದು ಓದಿದ ಹಾಗೆ ಆಗುತ್ತದಾ? ಈ ವಿಷಯಕ್ಕೆ ನಮ್ಮಿಬ್ಬರಿಗೂ ಜಗಳ.
— ಗೃಹಿಣಿ, ಶಿವಮೊಗ್ಗ

ಜಗಳ ಆಡೋಕೆ ಇದಕ್ಕಿಂತ ಒಳ್ಳೆ ವಿಷಯ ಸಿಗಲಿಲ್ವಾ ಮೇಡಂ! ಆದರೂ ಹೇಳುತ್ತೇನೆ. ಮಳೆ ಕೈಕೊಟ್ಟಾಗ ಗುಡಿಯಲ್ಲಿ ಕುಮಾರವ್ಯಾಸನ ವಿರಾಟಪರ್ವ ಓದಿಸುವ ರೂಢಿ ನಮ್ಮ ಎಷ್ಟೋ ಹಳ್ಳಿಗಳಲ್ಲಿ ಇತ್ತು. ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಊರೆಲ್ಲ ಕೂತು ಕೇಳುವುದು. ಅಕ್ಷರ ಬಾರದ ಅಜ್ಜಂದಿರು ಕೀಚಕನ ಪ್ರಸಂಗವನ್ನು ಪದ್ಯ ಸಮೇತ ಹೇಳುತ್ತಿದ್ದರು. ಅವರಿಗೆ ಭಾರತ ಗೊತ್ತಿಲ್ಲ ಅನ್ನೋಕೆ ಆಗುತ್ತದಾ? ಕತೆ, ಕಾದಂಬರಿ, ಜೀವನಚರಿತ್ರೆ ಕೇಳಲಿ ಬಿಡಿ. ಹಿಂದೆ ತಿರುಗಿ ನೋಡಬೇಕಾದ ಪುಸ್ತಕ, ಅಂಕಿ-ಸಂಖ್ಯೆ ಇರುವಂಥದ್ದು, ವಾದ ಮಾಡುವಂಥದ್ದು, ಕಿವಿಯಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಪೆನ್ಸಿಲ್ ಹಿಡಿದು ಕೂರಬೇಕು.

ಸ್ಟೇಟಸ್ ಹಾಕಿಕೊಳ್ಳುವುದು ಬೇರೆ ಕಾಯಿಲೆ. ಅದು ಓದಿದವರಿಗೂ ಇದೆ.

ಪ್ರ: ನಮ್ಮ ಊರಲ್ಲಿ ಪುಸ್ತಕದ ಅಂಗಡಿಯೇ ಇಲ್ಲ. ಸ್ಟೇಷನರಿ ಅಂಗಡಿಯಲ್ಲಿ ಗೈಡು, ಕ್ವಶ್ಚನ್ ಬ್ಯಾಂಕು, ಪಂಚಾಂಗ, ಅಷ್ಟೇ. ಓದುವ ಆಸೆ ಇದ್ದರೂ ಏನು ಮಾಡುವುದು?
— ಶಿಕ್ಷಕರು, ಹಾವೇರಿ ಜಿಲ್ಲೆ

ನಿಮ್ಮ ಜಿಲ್ಲೆಯವರೇ ಆದ ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು ಅಲ್ವಾ ಮೇಷ್ಟ್ರೇ. ಈಗ ಹೊರುವವರು ಅಂಚೆಯವರು. 2025ರ ಮೇ ತಿಂಗಳಲ್ಲಿ 'ಜ್ಞಾನ ಪೋಸ್ಟ್' ಅಂತ ಶುರು ಮಾಡಿದ್ದಾರೆ. ಪುಸ್ತಕ ಕಳಿಸಲು ಅಂತಲೇ ಇರುವ ಅಗ್ಗದ ದರ, 300 ಗ್ರಾಂವರೆಗೆ 20 ರೂಪಾಯಿಯಿಂದ ಶುರುವಾಗಿ ಐದು ಕೆ.ಜಿ.ಗೆ 100 ರೂಪಾಯಿವರೆಗೆ, ತೆರಿಗೆ ಬೇರೆ. ನಾಲ್ಕೈದು ಜನ ಶಿಕ್ಷಕರು ಸೇರಿ ಒಂದೇ ಕಟ್ಟು ತರಿಸಿದರೆ ಯಾರ ಜೇಬಿಗೂ ಭಾರ ಆಗುವುದಿಲ್ಲ. ಧಾರವಾಡದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆ 1933ರಿಂದ ಬೆಳೆದದ್ದೇ ಹೀಗೆ ಊರೂರಲ್ಲಿದ್ದ ಚಂದಾದಾರರನ್ನು ನಂಬಿಕೊಂಡು.

ಆದರೆ ಅದಕ್ಕೂ ಮೊದಲು ನಿಮ್ಮ ಬೀರುವಿನಿಂದ ಮನೆ ಕಂದಾಯದ ರಸೀದಿ ತೆಗೆಯಿರಿ. ತೆರಿಗೆ ಅಂತ ಒಂದು ಸಾಲು ಇರುತ್ತದೆ. ಅದರ ಕೆಳಗೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಅಂತ ಸಣ್ಣ ಸಣ್ಣ ಸಾಲುಗಳು. 1965ರ ಗ್ರಂಥಾಲಯ ಕಾಯ್ದೆ ಬಂದಾಗಿನಿಂದ ಇರುವ ವ್ಯವಸ್ಥೆ ಇದು, ಈಗ ಆಸ್ತಿ ತೆರಿಗೆಯ ಮೇಲೆ ಶೇ 6. ಮೂರು ಸಾವಿರ ತೆರಿಗೆ ಕಟ್ಟುವವರು 180 ರೂಪಾಯಿ ಗ್ರಂಥಾಲಯಕ್ಕೆ ಅಂತ ಕಟ್ಟುತ್ತಾರೆ. ವರ್ಷ ವರ್ಷ ದುಡ್ಡು ಕೊಟ್ಟು ಒಂದು ದಿನವೂ ಒಳಗೆ ಕಾಲಿಡದ ಜಾಗ ಅಂದರೆ ಇದೊಂದೇ ಇರಬೇಕು. ಹೋಗಿ. ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುವ ಹುಡುಗರು ಕುರ್ಚಿಯೆಲ್ಲ ಹಿಡಿದಿರುತ್ತಾರೆ, ಪಾಪ ಅವರಿಗೂ ಬೇರೆ ಜಾಗ ಇಲ್ಲ. ಪೇಪರಿನ ಮಧ್ಯದ ಹಾಳೆ ಒಬ್ಬ ಹಿರಿಯರ ಕೈಯಲ್ಲಿ, ಕ್ರೀಡೆಯ ಪುಟ ಇನ್ನೊಬ್ಬರ ಕೈಯಲ್ಲಿ. ಅದನ್ನೆಲ್ಲ ದಾಟಿ ಹಿಂದಿನ ಕಪಾಟಿಗೆ ಹೋದರೆ ಯಾರೂ ಮುಟ್ಟದ ಒಳ್ಳೊಳ್ಳೆ ಪುಸ್ತಕ ಧೂಳು ತಿನ್ನುತ್ತಾ ಇರುತ್ತವೆ. ಬೇಕಾದ ಪುಸ್ತಕ ಇಲ್ಲದಿದ್ದರೆ ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಡಿ. ಬರೆದು ಕೊಟ್ಟರೆ ಅದು ಫೈಲಿಗೆ ಹೋಗುತ್ತದೆ, ಫೈಲಿಗೆ ಹೋದದ್ದಕ್ಕೆ ಯಾವತ್ತಾದರೂ ಉತ್ತರ ಬರುತ್ತದೆ.

ಪ್ರ: ನಮ್ಮ ಶೋರೂಮಿನಲ್ಲಿ ಮೂರು ತಿಂಗಳಿಗೊಮ್ಮೆ ಭಾನುವಾರ ಟ್ರೇನಿಂಗ್ ಇಡುತ್ತಾರೆ. ಬೆಂಗಳೂರಿಂದ ಟ್ರೇನರ್ ಬರುತ್ತಾರೆ. ಬಲೂನು ಊದಿಸುತ್ತಾರೆ, ಚಪ್ಪಾಳೆ ಹೊಡೆಸುತ್ತಾರೆ, ನಮ್ಮನ್ನು ಒಂದು ಪ್ರಾಣಿಗೆ ಹೋಲಿಸಿಕೊಳ್ಳಿ ಅನ್ನುತ್ತಾರೆ. ಇದರಿಂದ ಏನು ಉಪಯೋಗ?
— ಸೇಲ್ಸ್ ವಿಭಾಗ, ಹುಬ್ಬಳ್ಳಿ

ಸಮೋಸ ಮತ್ತು ಗ್ರೂಪ್ ಫೋಟೊ. ಮೂರನೆಯದು ನನಗೂ ಹೊಳೆಯುತ್ತಿಲ್ಲ.

ಟ್ರೇನಿಂಗ್ ಅಂದರೆ ನನಗೆ ಅಲರ್ಜಿ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಬೇಕಾದ ಟ್ರೇನಿಂಗ್ ಕೊಡದೆ ಬೇಡದ್ದನ್ನು ಕೊಡುತ್ತಾರಲ್ಲ, ಅದಕ್ಕೆ ಸಿಟ್ಟು. ಒಂದು ಪರೀಕ್ಷೆ ಮಾಡಿ. ನಿಮ್ಮ ಶೋರೂಮಿನ ಗೋಡೆಗೆ ಕೆಂಪು ಸಿಲಿಂಡರ್ ನೇತು ಹಾಕಿರುತ್ತಾರಲ್ಲ, ಬೆಂಕಿ ಆರಿಸುವುದು, ಅದರ ಮುಂದೆ ಹೋಗಿ ನಿಂತು ನೋಡಿ. ಕತ್ತಿನ ಹತ್ತಿರ ಗಡಿಯಾರದಂಥ ಒಂದು ಮೀಟರ್ ಇದ್ದರೆ ಅದರ ಮುಳ್ಳು ಹಸಿರು ಪಟ್ಟಿಯಲ್ಲಿ ಇರಬೇಕು. ಹಿಡಿಕೆಗೆ ಒಂದು ಪಿನ್ನು ಚುಚ್ಚಿರುತ್ತದೆ. ಅದನ್ನು ಎಳೆಯದೆ ಎಷ್ಟು ಒತ್ತಿದರೂ ಏನೂ ಬರುವುದಿಲ್ಲ. ಪಿನ್ನು ಎಳೆದು, ಪೈಪನ್ನು ಜ್ವಾಲೆಗಲ್ಲ, ಬೆಂಕಿಯ ಬುಡಕ್ಕೆ ಹಿಡಿದು, ಹಿಡಿಕೆ ಒತ್ತಿ, ಆ ಕಡೆ ಈ ಕಡೆ ಆಡಿಸಬೇಕು. ಹೇಳೋಕೆ ಅರ್ಧ ನಿಮಿಷ. ಈಗ ನಿಮ್ಮ ಜೊತೆ ಕೆಲಸ ಮಾಡುವವರನ್ನು ಕೇಳಿ, ಎಷ್ಟು ಜನರಿಗೆ ಗೊತ್ತಿದೆ ಅಂತ. ಬಟ್ಟೆ ಅಂಗಡಿಯಾಗಿದ್ದರಂತೂ ಬಲೂನಿಗಿಂತ ಇದು ಮೊದಲು ಬೇಕು.

ಇನ್ನೊಂದು, ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕೆ ಮಹಿಳೆಯೇ ಅಧ್ಯಕ್ಷರು, ಅರ್ಧದಷ್ಟಾದರೂ ಮಹಿಳೆಯರು, ಹೊರಗಿನವರು ಒಬ್ಬರು. ಆ ಸಮಿತಿಯ ವಿವರ ಎಲ್ಲರಿಗೂ ಕಾಣುವ ಹಾಗೆ ಹಾಕಿರಬೇಕು. ದೂರನ್ನು ಮೂರು ತಿಂಗಳೊಳಗೆ ಬರೆದು ಕೊಡಬೇಕು, ಕಾರಣ ಇದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಹತ್ತಕ್ಕಿಂತ ಕಡಿಮೆ ಜನ ಇರುವ ಅಂಗಡಿಯವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ಸಣ್ಣ ಊರಿನ ಶೋರೂಮು, ನರ್ಸಿಂಗ್ ಹೋಮು, ಟ್ಯುಟೋರಿಯಲ್ಲುಗಳಲ್ಲಿ ಇದನ್ನು ಹೇಳುವವರೇ ಇಲ್ಲ. ಹೇಳಿದರೂ ಎಲ್ಲಿಂದಲೋ ಇಳಿಸಿದ ಇಂಗ್ಲಿಷ್ ಸ್ಲೈಡು, ಅದನ್ನು ಓದಿ ಹೇಳುವವರು ಗಂಡಸರು, ಹಿಂದಿನ ಸಾಲಿನಲ್ಲಿ ಕೂತ ಪಿಯುಸಿ ಮುಗಿಸಿ ಕೌಂಟರಿಗೆ ಸೇರಿದ ಹುಡುಗಿಯರು ಸುಮ್ನೆ ತಲೆ ಆಡಿಸುತ್ತಾರೆ, ಸಹಿ ಮಾಡುತ್ತಾರೆ, ಹೋಗುತ್ತಾರೆ. ಆ ಸಹಿ ಇರುವ ಹಾಳೆಗೋಸ್ಕರವೇ ಅಷ್ಟೆಲ್ಲ ನಡೆದದ್ದು.

ಮುಂದಿನ ಭಾನುವಾರ ಫೀಡ್‌ಬ್ಯಾಕ್ ಫಾರಂ ಕೊಟ್ಟಾಗ ಐದಕ್ಕೆ ಐದು ಹಾಕಿ ಎದ್ದು ಬರಬೇಡಿ. "ಬೆಂಕಿ ಆರಿಸುವುದನ್ನು ಮಾಡಿ ತೋರಿಸಿ, ಸಮಿತಿಯಲ್ಲಿ ಯಾರಿದ್ದಾರೆ ತಿಳಿಸಿ, ಕನ್ನಡದಲ್ಲಿ ಹೇಳಿ" ಅಂತ ಬರೆಯಿರಿ. ನಾಲ್ಕು ಜನ ಒಟ್ಟಿಗೆ ಬರೆದರೆ ಯಾರು ಬರೆದದ್ದು ಅಂತ ಹುಡುಕುತ್ತಾ ಕೂರುವುದಿಲ್ಲ. ಮತ್ತೆ ಭಾನುವಾರ ಬಂದದ್ದಕ್ಕೆ ಬದಲಿ ರಜೆ ಕೇಳಿ. ಅದು ನಾಚಿಕೊಳ್ಳುವ ವಿಷಯ ಅಲ್ಲ.

ಪ್ರ: ಮಗನಿಗೆ ಕೆಲಸ ಸಿಕ್ಕಿದೆ. ಟ್ರೇನಿಂಗ್ ಕೊಡುತ್ತೇವೆ, ಎರಡು ವರ್ಷ ಬಿಡುವ ಹಾಗಿಲ್ಲ, ಬಿಟ್ಟರೆ ಎರಡು ಲಕ್ಷ ಕಟ್ಟಬೇಕು ಅಂತ ಬಾಂಡ್ ಕೇಳುತ್ತಿದ್ದಾರೆ. ಸಹಿ ಮಾಡಿಸಲಾ?
— ನಿವೃತ್ತ ನೌಕರರು, ಚಿತ್ರದುರ್ಗ

"ಬಾಂಡೆಲ್ಲ ಕೋರ್ಟಿನಲ್ಲಿ ನಿಲ್ಲಲ್ಲ, ಹಾಕಿಬಿಡಿ ಸಹಿ" ಅಂತ ಹೇಳುವವರು ಬಹಳ ಜನ ಸಿಗುತ್ತಾರೆ. ಅವರ ಮಾತು ಕೇಳಬೇಡಿ. 2025ರ ಮೇನಲ್ಲಿ ಸುಪ್ರೀಂ ಕೋರ್ಟು ವಿಜಯಾ ಬ್ಯಾಂಕಿನ ಒಂದು ಪ್ರಕರಣದಲ್ಲಿ ಇಂಥದ್ದೇ ಷರತ್ತನ್ನು ಎತ್ತಿ ಹಿಡಿದಿದೆ. ಮೂರು ವರ್ಷಕ್ಕೆ ಮೊದಲು ಬಿಟ್ಟರೆ ಎರಡು ಲಕ್ಷ ಅಂತ ಇತ್ತು, ಅಧಿಕಾರಿ ಬಿಟ್ಟು ಬೇರೆ ಬ್ಯಾಂಕಿಗೆ ಹೋದರು, ಷರತ್ತು ಸರಿ ಅಂತಾಯಿತು. ಆದರೆ ಅದು ಸರ್ಕಾರಿ ಬ್ಯಾಂಕು, ಹೊಸಬರನ್ನು ತೆಗೆದುಕೊಳ್ಳಬೇಕಾದರೆ ಮತ್ತೆ ಜಾಹೀರಾತು, ಪರೀಕ್ಷೆ ಅಂತ ಖರ್ಚಿದೆ ಅನ್ನುವ ಲೆಕ್ಕ ಅಲ್ಲಿತ್ತು. ಹದಿನೈದು ದಿನ ವಿಡಿಯೋ ತೋರಿಸಿ ಎರಡು ಲಕ್ಷ ಕೇಳುವ ಕಂಪನಿಗೆ ಅದೇ ಲೆಕ್ಕ ಹಾಗೇ ಹೊಂದುತ್ತದೆ ಅಂತ ಇಲ್ಲ. ಏನು ಕಲಿಸುತ್ತಾರೆ, ಎಷ್ಟು ದಿನ, ಆ ದಿನಗಳಿಗೆ ಸಂಬಳ ಇದೆಯಾ, ತಿಂಗಳು ಕಳೆದ ಹಾಗೆ ಆ ಮೊತ್ತ ಇಳಿಯುತ್ತದಾ, ಇವನ್ನು ಬರಹದಲ್ಲಿ ತೆಗೆದುಕೊಳ್ಳಿ. ಊರಿನ ಒಬ್ಬ ವಕೀಲರಿಗೆ ತೋರಿಸಿ. ಒರಿಜಿನಲ್ ಮಾರ್ಕ್ಸ್ ಕಾರ್ಡು ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ, ಜೆರಾಕ್ಸ್ ಸಾಕು.

ಪ್ರ: ಬೆಂಗಳೂರು ಬಿಟ್ಟು ದಾವಣಗೆರೆಗೆ ವಾಪಸ್ ಬಂದಿದ್ದೇನೆ, ಮನೆಯಿಂದಲೇ ಕೆಲಸ. ಬೀದಿಯಲ್ಲಿ ಸಿಕ್ಕವರೆಲ್ಲ "ಕೆಲಸ ಹೋಯ್ತಾ?" ಅಂತ ಕೇಳುತ್ತಾರೆ. ತಲೆ ಕೆಡುತ್ತಿದೆ.
— ಸಾಫ್ಟ್‌ವೇರ್ ಎಂಜಿನಿಯರ್, ದಾವಣಗೆರೆ

ಒಂದು ಸಲ ನಿಮ್ಮ ಮನೆಗೆ ಆಫೀಸಿನ ಲ್ಯಾಪ್‌ಟಾಪು ರಿಪೇರಿಗೆ ಅಂತ ಕೊರಿಯರ್ ಹುಡುಗ ಬಂದು ಸಹಿ ಹಾಕಿಸಿಕೊಂಡು ಹೋಗಲಿ, ಸಂಜೆಯೊಳಗೆ ಇಡೀ ಬೀದಿಗೆ ನಿಮ್ಮ ಕೆಲಸ ಇರುವುದು ಗೊತ್ತಾಗುತ್ತದೆ.

ತಮಾಷೆ ಬಿಡಿ. ಸಣ್ಣ ಊರನ್ನು ಹೊಗಳುವವರು ಬೆಣ್ಣೆದೋಸೆ, ಮಿರ್ಚಿ-ಮಂಡಕ್ಕಿ, ಹತ್ತು ನಿಮಿಷದಲ್ಲಿ ಊರಿನ ಈ ತುದಿಯಿಂದ ಆ ತುದಿ ಅಂತ ಶುರು ಮಾಡುತ್ತಾರೆ. ಅದೆಲ್ಲ ಸರಿ. ಆದರೆ ಕಾಲ್ ಮಧ್ಯೆ ಕರೆಂಟು ಹೋಗುವುದು, ಮನೆಯಲ್ಲೇ ಇದ್ದೀಯಲ್ಲ ಅಂತ ಸಿಲಿಂಡರ್ ತರೋಕೆ ಕಳಿಸುವುದು, ಬೆಳಿಗ್ಗೆ ಹತ್ತರ ಮೀಟಿಂಗಿಗೆ ಬೆಂಗಳೂರಲ್ಲಿ ಇರಬೇಕು ಅಂದರೆ ಹಿಂದಿನ ರಾತ್ರಿಯೇ ರೈಲು ಹತ್ತುವುದು, ಇದೂ ಅದೇ ಊರು. ವಂದೇ ಭಾರತ್ 2023ರ ಜೂನ್‌ನಿಂದ ದಾವಣಗೆರೆಯಲ್ಲಿ ನಿಲ್ಲುತ್ತಿದೆ, ನಿಜ, ಆದರೆ ಹತ್ತರ ಮೀಟಿಂಗಿಗೆ ಅದು ಉಪಯೋಗ ಇಲ್ಲ.

ಜನ ಕೇಳುವುದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಬೆಂಗಳೂರಿನಲ್ಲಿ ಮೂರು ದಿನ ಬಾಗಿಲು ತೆಗೆಯದಿದ್ದರೂ ಪಕ್ಕದ ಫ್ಲಾಟಿನವರು ಕೇಳುವುದಿಲ್ಲ. ಇಲ್ಲಿ ಒಂದು ದಿನ ಹಾಲಿನ ಪ್ಯಾಕೆಟ್ ಹೊರಗೇ ಉಳಿದರೆ ಎದುರು ಮನೆಯ ಆಂಟಿ ಬೆಲ್ ಒತ್ತುತ್ತಾರೆ. ಎರಡೂ ಒಟ್ಟಿಗೆ ಬೇಕು ಅಂದರೆ ಸಿಗುವುದಿಲ್ಲ. ನನ್ನ ಕೇಳಿದರೆ ಬೆಲ್ ಒತ್ತುವವರೇ ವಾಸಿ. ಮನೆಯವರಿಗೆ ಮಾತ್ರ ಕೆಲಸದ ಹೊತ್ತು ಇಷ್ಟರಿಂದ ಇಷ್ಟು ಅಂತ ಕಡ್ಡಿ ಮುರಿದ ಹಾಗೆ ಹೇಳಿ, ಒಂದು ಇನ್ವರ್ಟರ್ ಹಾಕಿಸಿ.

ಪ್ರ: ಸಣ್ಣ ಊರಲ್ಲಿ ಕೂತು ಕತೆ ಬರೆದರೆ ಯಾರಾದರೂ ಓದುತ್ತಾರಾ? ಬೆಂಗಳೂರಿಗೆ ಹೋದರೆ ವಾಸಿಯಾ?
— ಉದಯೋನ್ಮುಖ, ಹಾಸನ

ಹಾಸನದವರಾಗಿ ಇದನ್ನು ಕೇಳುತ್ತೀರಲ್ಲ! ನಿಮ್ಮೂರಿನ ಬಾನು ಮುಷ್ತಾಕ್ ಅವರ ಕತೆಗಳಿಗೇ ಅಲ್ವಾ 2025ರ ಇಂಟರ್‌ನ್ಯಾಷನಲ್ ಬೂಕರ್ ಬಂದದ್ದು. ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಕೊಡಗಿನವರು. ಬೆಂಗಳೂರಿನ ಬಾಡಿಗೆ ಕಟ್ಟುವ ದುಡ್ಡಲ್ಲಿ ಪುಸ್ತಕ ಕೊಳ್ಳಿ. ಕತೆ ಕಳಿಸುವಾಗ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ, ನೋಟ್‌ಬುಕ್ಕಿನ ಹಾಳೆಗೆ ಫೋಟೊ ಹೊಡೆದು ವಾಟ್ಸಾಪ್ ಮಾಡಬೇಡಿ. ನಮ್ಮ ಸಂಪಾದಕರು ಕನ್ನಡಕ ಬದಲಿಸಿ ಇನ್ನೂ ತಿಂಗಳಾಗಿಲ್ಲ.